ನಡು ಮುರಿದ ಹೊಗೆ

ಗಿಣಿಗೇರಿಯ ರನ್‌ವೇ ಅಂಚಿನಲ್ಲಿ ಬೆಳಗಿನ ಆರೂವರೆ.
ಹುಲಿಗೆಪ್ಪ ಹಗ್ಗ ಬಿಚ್ಚಿಟ್ಟು ದೂರ ನಿಂತಿದ್ದಾನೆ,
ಎತ್ತು ಹೂಡಲು ಕಾದವನ ಹಾಗೆ ನನ್ನ ಮುಖ ನೋಡುತ್ತ.

ರೆಕ್ಕೆಯ ಕೆಳಗೆ ಮಂಡಿಯೂರಿ
ಬೆರಳುದ್ದದ ಲೋಟಕ್ಕೆ ಪೆಟ್ರೋಲು ಹಿಡಿದೆ.
ನೀರಿಲ್ಲ, ಕಸವಿಲ್ಲ, ತಿಳಿ ನೀಲಿ.
ಇವತ್ತು ಕೊಪ್ಪಳ ಜಿಲ್ಲೆಯಲ್ಲಿ
ಇರುವುದು ಇಷ್ಟೇ ನೀಲಿ.

ಮೇಲಿರುವುದನ್ನು ಬಣ್ಣವೆನ್ನಲಾರೆ.
ಅಕ್ಕಿ ತೊಳೆದ ಮೊದಲ ನೀರಿನಂಥದೇನೋ
ಮುನಿರಾಬಾದಿನ ಕಡೆಯಿಂದ ಹಬ್ಬಿ
ಗುಡ್ಡದ ಸೊಂಟದ ತನಕ ಬಂದು ನಿಂತಿದೆ.
ಮುಂದೆ ಬರುತ್ತದೋ, ಅಲ್ಲೇ ಕೂರುತ್ತದೋ,
ಅದಕ್ಕೂ ಇನ್ನೂ ತೀರ್ಮಾನವಾಗಿಲ್ಲ.

ನಾನು ಗಂಗಾವತಿಯ ಅಕ್ಕಿ ಗಿರಣಿಯವನು.
ಮೂವತ್ತು ವರ್ಷ ಭತ್ತ ಹಲ್ಲಿಗಿಟ್ಟು ಕಡಿದು
ತೇವ ಹದಿನಾಲ್ಕೋ ಹದಿನಾರೋ ಹೇಳಿದವನು;
ಯಂತ್ರ ಬಂದ ಮೇಲೂ ರೈತರು
'ಸಾವ್ಕಾರ್ರ, ನೀವ ಒಂದ್ ಕಡದ ನೋಡ್ರಿ' ಅಂತಾರೆ.
ಐವತ್ತೆರಡಕ್ಕೆ ಲೈಸೆನ್ಸು ತೆಗೆದುಕೊಂಡೆ.
ಮೋಡವನ್ನು ಎಲ್ಲಿ ಹಿಡಿದು ಕಡಿಯಲಿ?

ಫೋನಿನಲ್ಲಿ ಕಲಬುರಗಿಯ ಹವೆ ಚೊಕ್ಕ.
ಐದು ಕಿಲೋಮೀಟರು ಕಾಣುತ್ತದಂತೆ, ನಿಯಮಕ್ಕೆ ಸಾಕು.
ನಡುವೆ ಲಿಂಗಸುಗೂರು, ಹಟ್ಟಿ, ಸುರಪುರ:
ಅಲ್ಲಿನ ಆಕಾಶದ ಬಗ್ಗೆ ಯಾರೂ ಏನೂ ಬರೆದಿಲ್ಲ.
ಹಟ್ಟಿಯಲ್ಲಿರುವ ಷಡ್ಡಕ ಅಮರಯ್ಯನನ್ನು ಎಬ್ಬಿಸಿ ಕೇಳಿದೆ.
ಅಂಗಳಕ್ಕೆ ಬಂದು ನೋಡಿ ಹೇಳಿದ:
'ಮೋಡ ಅದಾವ. ಆದ್ರ ಅಂಥಾ ಮೋಡ ಏನಲ್ಲ.'
ಎಂಥಾ ಮೋಡ ಅಂದರೆ
'ಅಂಥಾವಲ್ಲಪಾ' ಅಂದ.

ಅಕ್ಕ ನೀಲಗಂಗಮ್ಮ
ಎಂಟಕ್ಕೆಲ್ಲ ಅಲ್ಲಿ ನಿಲ್ದಾಣದ ಗೇಟಿಗೆ ಬರುವವಳು.
ಶೇಂಗಾ ಹೋಳಿಗೆಯ ಡಬ್ಬಿ, ಜೊತೆಗೆ ಓಣಿಯ ಆರು ಹೆಂಗಸರು.
ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಸಿಕೊಂಡಾಗ
ಅರಿಶಿನ ಮೆತ್ತಿದವಳಿಗೆ
ತಮ್ಮ ಮೇಲಿಂದ ಇಳಿಯುವುದನ್ನು ತೋರಿಸಬೇಕಿತ್ತು.
ಇಷ್ಟೇ ಕಾರಣ. ಇದರ ಮೇಲೆ ಯಾರ ಜೀವವೂ ನಿಂತಿಲ್ಲ,
ನನ್ನದೊಂದು ಬಿಟ್ಟು.

ಗಾಳಿಚೀಲ ಸತ್ತಂತೆ ಜೋತಿದೆ.
ಆದರೆ ಕಬ್ಬಿಣದ ಕಾರ್ಖಾನೆಯ ಚಿಮಣಿಯಿಂದ
ಹೊಗೆ ನೆಟ್ಟಗೆ ಏರಿ,
ಎರಡು ತಾಳೆಮರದಷ್ಟು ಏರಿ,
ಅಲ್ಲಿ ಯಾರೋ ಬೆನ್ನಿಗೆ ಗುದ್ದಿದಂತೆ
ಪಕ್ಕನೆ ಪೂರ್ವಕ್ಕೆ ಮುರಿದಿದೆ.
ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ಮಾತಿಲ್ಲ.
ಪುಸ್ತಕದಲ್ಲಿ ಇದಕ್ಕೊಂದು ಚಿತ್ರವಿತ್ತು, ತುಂಬ ಬಾಣಗಳು;
ವಿಮಾನದೊಳಗೆ ಮನುಷ್ಯನನ್ನು ಬರೆದಿರಲಿಲ್ಲ.

ಹುಲಿಗೆಪ್ಪನೂ ಅದನ್ನೇ ನೋಡುತ್ತಿದ್ದ.
'ಹೊಗಿ ಯಾಕೋ ಸರಿ ಇಲ್ರಿ' ಅನ್ನಲಿಲ್ಲ.
ಬಿಚ್ಚಿಟ್ಟ ಹಗ್ಗವನ್ನು ಕಾಲಿಂದ
ಮೆಲ್ಲಗೆ ರೆಕ್ಕೆಯ ಕಡೆ ಸರಿಸಿದ, ಅಷ್ಟೆ.
ಸಿಟ್ಟು ಬಂತು ನನಗೆ,
ಹೊಗೆಯ ಮೇಲಲ್ಲ, ಅವನ ಕಾಲಿನ ಮೇಲೆ.

'ಹತ್ತು ನಿಮಿಷ ನೋಡೋಣು' ಅಂದೆ.
ನೋಡಿದೆವು. ಇನ್ನು ಹತ್ತು.
ಗುಡ್ಡ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ.
ಕೀಲಿಕೈ ಅಂಗೈಯಲ್ಲಿ ಬೆವರಿತು.
ಲೋಟದ ನೀಲಿಯನ್ನು ಟ್ಯಾಂಕಿಗೆ ಮರಳಿ ಸುರಿದೆ,
ಒಂದು ಹನಿ ತೋಳಿಗೆ ಇಳಿದು ತಣ್ಣಗೆ ಆರಿಹೋಯಿತು.
'ಕಟ್ಟು' ಅಂದೆ.

ಅಕ್ಕ ಫೋನಿನಲ್ಲಿ ನಕ್ಕಳು:
'ಬಸ್ಸಿಗೆ ಬಾರೋ. ಹೋಳಿಗಿ ಏನ್ ಹಾರಿ ಹೊಕ್ಕಾವನ?'

ಹತ್ತಕ್ಕೆ ಬಿಸಿಲು ಬಿತ್ತು, ನೆತ್ತಿ ಸುಡುವಂಥದು.
ಕುಷ್ಟಗಿ ದಾಟುವಾಗ ಕಿಟಕಿಯ ತುಂಬ ನೀಲಿ,
ನನ್ನನ್ನು ಅಣಕಿಸಲೆಂದೇ ಒಗೆದು ಹರವಿದಂತೆ.
ಪಕ್ಕದವನು ಮಾತಿಗೆಳೆದರೂ ಬಾಯಿ ಬಿಡಲಿಲ್ಲ.

ಲಿಂಗಸುಗೂರಿನ ಆಚೆ ರಸ್ತೆ ಒದ್ದೆ.
ಒಂದು ಜಾಲಿಮರ ಬುಡಸಮೇತ ಕಿತ್ತು ಬಿದ್ದಿತ್ತು;
ಎಲೆ ಇನ್ನೂ ಬಾಡಿರಲಿಲ್ಲ.
'ಇದು ಎಷ್ಟೊತ್ತಿಗೆ ಬಿದ್ದದ್ದು?' ಕಂಡಕ್ಟರನ್ನು ಕೇಳಿದೆ.
'ರಾತ್ರಿನ ಇರಬೇಕ್ರಿ. ಇಲ್ಲಾ, ಮುಂಜಾನಿ'
ಅಂದವನು ಚಿಲ್ಲರೆ ಎಣಿಸತೊಡಗಿದ.